ಲುಂಗಿ, ಖಾಕಿ ಮತ್ತು ಮರ್ಯಾದೆ

2019ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದಿಂದ ಒಂದು ಸುದ್ದಿ ಬಂತು. ಲುಂಗಿ, ಬನಿಯನ್ ತೊಟ್ಟು ಲಾರಿ ಓಡಿಸುವವರಿಗೆ ಅಲ್ಲಿನ ಪೊಲೀಸರು 2000 ರೂಪಾಯಿ ದಂಡ ಹಾಕಲಿದ್ದಾರೆ ಎಂಬುದು ಆ ಸುದ್ದಿ. ಚಾಲಕ ಮಾತ್ರವಲ್ಲ, ಕ್ಲೀನರ್ ಕೂಡ ಪ್ಯಾಂಟು, ಅಂಗಿ, ಬೂಟು ಧರಿಸಿರಬೇಕು. ನಿಯಮ ಹೊಸದೇನಲ್ಲ, ದಂಡ ಮೊದಲು 500 ರೂಪಾಯಿ ಇತ್ತು, ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ 2000 ಆಗಿದೆ ಎಂದು ಅಧಿಕಾರಿಗಳು ವಿವರಣೆ ಕೊಟ್ಟರು. ದೇಶದ ಪತ್ರಿಕೆಗಳೆಲ್ಲ ಇದನ್ನು ಸ್ವಲ್ಪ ನಗುತ್ತಲೇ ಪ್ರಕಟಿಸಿದವು. ಅದೇ ತಿಂಗಳ 25ರಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ಕಚೇರಿ ಒಂದು ಸ್ಪಷ್ಟನೆ ಹೊರಡಿಸಿತು. ಲುಂಗಿ-ಬನಿಯನ್‌ಗಾಗಲಿ, ಅರ್ಧ ತೋಳಿನ ಅಂಗಿಗಾಗಲಿ, ಚಪ್ಪಲಿಗಾಗಲಿ ದಂಡ ಹಾಕಲು ಹೊಸ ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಅದು ತಿಳಿಸಿತು.

ಅಲ್ಲಿಗೆ ಸುದ್ದಿ ತಣ್ಣಗಾಯಿತು. ಆದರೆ ಸುದ್ದಿಯ ಒಳಗಿದ್ದ ಪ್ರಶ್ನೆ ತಣ್ಣಗಾಗುವಂಥದ್ದಲ್ಲ. ದುಡಿಯುವವನ ಮೈಮೇಲೆ ಯಾವ ಬಟ್ಟೆ ಇರಬೇಕೆಂದು ಹೇಳುವ ಹಕ್ಕು ಯಾರಿಗಿದೆ? ಆ ಹಕ್ಕನ್ನು ಚಲಾಯಿಸುವವರಿಗೆ ಏನಾದರೂ ಕರ್ತವ್ಯವೂ ಇದೆಯೇ?

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯ ಸುತ್ತಮುತ್ತ ಬದುಕುವವರಿಗೆ ಇದು ದೂರದ ಉತ್ತರ ಪ್ರದೇಶದ ಪ್ರಶ್ನೆಯಲ್ಲ. ನದಿಯಿಲ್ಲದ, ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೇಸಾಯ ಕೈಕೊಟ್ಟ ಮನೆಗಳ ಹುಡುಗರು ಹಿಡಿದದ್ದು ಸ್ಟಿಯರಿಂಗನ್ನು. ಟೊಮೆಟೊ ಕೋಲಾರ, ಚಿಂತಾಮಣಿಯ ಮಾರುಕಟ್ಟೆಗೆ ಹೋಗಬೇಕು. ತರಕಾರಿ ಬೆಳಗಾಗುವುದರೊಳಗೆ ಬೆಂಗಳೂರು ಮುಟ್ಟಬೇಕು. ಚಿಕ್ಕಬಳ್ಳಾಪುರದ ಕಡೆಯ ಕ್ವಾರಿಗಳ ಕಲ್ಲು, ಜಲ್ಲಿ ಸಾಗಬೇಕು. ಇವೆಲ್ಲ ಲಾರಿ, ಕ್ಯಾಂಟರುಗಳ ಮೇಲೆ ನಡೆಯುವ ವ್ಯವಹಾರ. ಅವುಗಳ ಸೀಟಿನ ಮೇಲೆ ಕುಳಿತವರಲ್ಲಿ ಒಕ್ಕಲಿಗರಿದ್ದಾರೆ, ದಲಿತರಿದ್ದಾರೆ, ಮುಸ್ಲಿಮರಿದ್ದಾರೆ. ಕನ್ನಡ, ತೆಲುಗು, ಉರ್ದು ಮೂರೂ ಅವರ ಬಾಯಲ್ಲಿ ಬೆರೆತು ಬರುತ್ತವೆ. ಉಡುಪಿನ ವಿಷಯದಲ್ಲಿ ಮಾತ್ರ ಇವರಲ್ಲಿ ಜಾತಿಭೇದವಿಲ್ಲ. ಒಂದು ಚೌಕುಳಿ ಲುಂಗಿ, ಮೇಲೊಂದು ಬನಿಯನ್ ಅಥವಾ ಗುಂಡಿ ಬಿಚ್ಚಿದ ಅಂಗಿ, ಹೆಗಲ ಮೇಲೆ ಟವೆಲು, ಕಾಲಿಗೆ ಹವಾಯಿ ಚಪ್ಪಲಿ.

ಲುಂಗಿಯನ್ನು ಸೋಮಾರಿತನದ ಗುರುತು ಎಂದುಕೊಂಡವರು ಹಳೆಯ ಲಾರಿಯ ಕ್ಯಾಬಿನ್ನಿನಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕುಳಿತು ನೋಡಬೇಕು. ನಮ್ಮಲ್ಲಿ ಬಹಳ ಕಾಲ ಲಾರಿ ಕೊಳ್ಳುವುದೆಂದರೆ ಷಾಸಿ ಕೊಳ್ಳುವುದು ಎಂದೇ ಅರ್ಥ. ಮೇಲಿನ ಕ್ಯಾಬಿನ್ನನ್ನು ನಾಮಕ್ಕಲ್‌ನಂಥ ಊರುಗಳಲ್ಲಿ ಬಾಡಿ ಕಟ್ಟುವವರು ಮರ, ತಗಡಿನಿಂದ ಮಾಡಿಕೊಡುತ್ತಿದ್ದರು. ಎಂಜಿನ್ನು ಚಾಲಕನ ಮಗ್ಗುಲಲ್ಲೇ. ಮೇಲಿನಿಂದ ಬಿಸಿಲು, ಪಕ್ಕದಿಂದ ಎಂಜಿನ್ ಕಾವು, ಕೆಳಗಿನಿಂದ ರಸ್ತೆಯ ಝಳ. ಅಂಥ ಕಡೆ ಹತ್ತು-ಹನ್ನೆರಡು ಗಂಟೆ ಕೂತವನಿಗೆ ಪ್ಯಾಂಟು ತೊಡೆಯ ಸಂದಿಯಲ್ಲಿ ಹುಣ್ಣು ಮಾಡುತ್ತದೆ. ಲುಂಗಿಯೊಳಗೆ ಗಾಳಿಯಾಡುತ್ತದೆ.

ಅದರ ಉಪಯೋಗ ಅಲ್ಲಿಗೇ ಮುಗಿಯುವುದಿಲ್ಲ. ರಾತ್ರಿ ಅದೇ ಹೊದಿಕೆ. ಹಗಲು ನಿದ್ದೆ ಮಾಡಬೇಕಾದರೆ ಕ್ಯಾಬಿನ್ ಕಿಟಕಿಗೆ ಅದೇ ಪರದೆ. ಢಾಬಾದ ತೊಟ್ಟಿಯ ಬಳಿ ನಾಲ್ಕು ಜನರೆದುರು ಸ್ನಾನ ಮಾಡುವಾಗ ಮಾನ ಕಾಯುವುದೂ ಅದೇ. ಚಕ್ರ ಬಿಚ್ಚಲು ಲಾರಿಯ ಅಡಿಗೆ ತೂರುವಾಗ ಕಟ್ಟಿಕೊಳ್ಳುವುದು ಹಳೆಯ ಲುಂಗಿ. ಐದು ಹೊತ್ತು ತಪ್ಪಿಸದವನು ರಸ್ತೆ ಬದಿಯಲ್ಲಿ ನಮಾಜಿಗೆ ಹಾಸುವುದು ಒಗೆದು ಮಡಿಸಿಟ್ಟ ಇನ್ನೊಂದು ಲುಂಗಿಯನ್ನು. ರಾತ್ರಿ ಒಗೆದು ಹಗ್ಗಕ್ಕೆ ಕಟ್ಟಿದರೆ ಬೆಳಗಾಗುವುದರೊಳಗೆ ಒಣಗಿರುತ್ತದೆ. ವಾರಗಟ್ಟಲೆ ಮನೆ ಬಿಟ್ಟಿರುವವನಿಗೆ ಇಷ್ಟೆಲ್ಲ ಕೆಲಸ ಮಾಡಿಕೊಡುವ ಇನ್ನೊಂದು ಬಟ್ಟೆ ಎಲ್ಲಿದೆ?

ಹಾಗಾದರೆ ಲುಂಗಿಯ ಮೇಲೆ ಸಿಟ್ಟು ಏಕೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಕಡೆಯ ಒಬ್ಬ ಹಿರಿಯ ಚಾಲಕರಿಂದ. ಅರವತ್ತರ ಹತ್ತಿರದ ವಯಸ್ಸು. ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಅವರ ಕ್ಯಾಬಿನ್ನಿನ ಹಿಂಬದಿಯ ಮೊಳೆಯಲ್ಲಿ ಸದಾ ಒಂದು ಖಾಕಿ ಅಂಗಿ ನೇತಾಡುತ್ತಿರುತ್ತದೆ. ಎಂದೂ ಹಾಕಿಕೊಂಡದ್ದು ಕಾಣೆನಲ್ಲ ಚಾಚಾ ಎಂದೆ.

“ಅದು ನನಗಲ್ಲ ಬೇಟಾ, ಚೆಕ್‌ಪೋಸ್ಟಿಗೆ,” ಎಂದರು. “ಅದು ಮೈಮೇಲಿದ್ರೆ ‘ಏನ್ರೀ, ಎಲ್ಲಿಂದ ಬರ್ತಿದ್ದೀರಿ’ ಅಂತಾರೆ. ಇಲ್ದಿದ್ರೆ ‘ಲೇ, ಇಳಿಯೋ ಕೆಳಗೆ’ ಅಂತಾರೆ. ಹೇಗಿದ್ರೂ ಇಳೀಲೇಬೇಕು. ಆದ್ರೆ ಮಗನ ವಯಸ್ಸಿನವನ ಬಾಯಲ್ಲಿ ಆ ಮಾತು ಕೇಳಿಸ್ಕೊಂಡು ಇಳಿಯೋದು ಕಷ್ಟ.”

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ನಮ್ಮ ಭಾಷೆಗಳು ಹಾಗಲ್ಲ. ಕನ್ನಡದಲ್ಲಿ ನೀನು, ನೀವು. ತೆಲುಗಿನಲ್ಲಿ ನುವ್ವು, ಮೀರು. ಉರ್ದುವಿನಲ್ಲಿ ತೂ, ಆಪ್. ಎದುರಿಗಿರುವವನು ಯಾರೆಂದು ತೀರ್ಮಾನಿಸದೆ ಬಾಯಿ ತೆರೆಯುವುದೇ ಸಾಧ್ಯವಿಲ್ಲ. ಆ ತೀರ್ಮಾನವನ್ನು ಕಣ್ಣು ಬಟ್ಟೆ ನೋಡಿ ಮಾಡುತ್ತದೆ. ಹೀಗಾಗಿ ನಮ್ಮಲ್ಲಿ ಉಡುಪು ಎನ್ನುವುದು ಬರೀ ಬಟ್ಟೆಯಲ್ಲ, ಅದು ನಮ್ಮನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ ಎಂದು ಹೇಳುವ ಚೀಟಿ. ಔತಣದಲ್ಲಿ ತನಗೆ ಸಿಕ್ಕ ಮರ್ಯಾದೆ ಕೋಟಿನದೆಂದು ತಿಳಿದು ಕೋಟಿಗೇ ಊಟ ಮಾಡಿಸಿದ ಮುಲ್ಲಾ ನಸ್ರುದ್ದೀನನ ಕತೆ ಕೇಳಿ ನಾವೆಲ್ಲ ನಕ್ಕಿದ್ದೇವೆ. ಚಾಚಾ ಮೊಳೆಗೆ ನೇತುಹಾಕಿದ ಖಾಕಿ ಅಂಗಿ ಅದೇ ಕೋಟು. ಅವರು ನಗುತ್ತಿಲ್ಲ, ಅಷ್ಟೇ.

ಈ ಖಾಕಿಯ ಕತೆಯೂ ವಿಚಿತ್ರವಾದುದು. ಖಾಕ್ ಎಂದರೆ ಫಾರಸಿಯಲ್ಲಿ, ಉರ್ದುವಿನಲ್ಲಿ ಮಣ್ಣು, ಧೂಳು. ಖಾಕಿ ಎಂದರೆ ಮಣ್ಣಿನ ಬಣ್ಣದ್ದು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಎಂಬ ಬ್ರಿಟಿಷ್ ಅಧಿಕಾರಿ ಕಟ್ಟಿದ ಗೈಡ್ಸ್ ಪಡೆಯ ಸಿಪಾಯಿಗಳು ಈ ಬಣ್ಣದ ಬಟ್ಟೆ ತೊಟ್ಟರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ತಯಾರಿಸಿದರೆಂಬುದು ಕರಾವಳಿಯವರು ಹೆಮ್ಮೆಯಿಂದ ಹೇಳುವ ಸಂಗತಿ. ಕೊಳೆಯಾದರೂ ಕಾಣದ, ಮಣ್ಣಿನಲ್ಲಿ ಬೆರೆತುಹೋಗುವ ಬಟ್ಟೆ ಸಿಪಾಯಿಗೆ ಬೇಕಿತ್ತು. ಸಿಪಾಯಿಯಿಂದ ಅದು ಪೊಲೀಸನಿಗೆ ಬಂತು, ಪೊಲೀಸನಿಂದ ಬಸ್ಸಿನ ಡ್ರೈವರಿಗೆ, ಆಟೋದವನಿಗೆ ಬಂತು. ಮುಂಬೈಯಲ್ಲಿ ಬಹುಕಾಲ ಒಂದು ಕ್ರಮವಿತ್ತು. ಸ್ವಂತ ಆಟೋ, ಟ್ಯಾಕ್ಸಿ ಇರುವವನು ಬಿಳಿ ತೊಡಬಹುದು, ಬೇರೆಯವರ ಗಾಡಿ ಓಡಿಸುವವನು ಖಾಕಿಯನ್ನೇ ತೊಡಬೇಕು. ಸವಾರಿ ಹತ್ತುವವನಿಗೆ ಇದರಿಂದ ಯಾವ ಲಾಭವೂ ಇಲ್ಲ. ಒಡೆಯ ಯಾರು, ಆಳು ಯಾರು ಎಂದು ದೂರದಿಂದಲೇ ತಿಳಿಯುತ್ತದೆ, ಅಷ್ಟೇ. ಒಂದೇ ಬಣ್ಣ ಪೊಲೀಸನ ಮೈಮೇಲೆ ಅಧಿಕಾರ, ಚಾಲಕನ ಮೈಮೇಲೆ ವಿಧೇಯತೆ. ಬಟ್ಟೆಗೆ ತನ್ನದೇ ಆದ ಅರ್ಥವಿಲ್ಲ, ಅದನ್ನು ತೊಡಿಸಿದವರ ಉದ್ದೇಶವೇ ಅದರ ಅರ್ಥ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಆದುದರಿಂದ ಉಡುಪಿನ ನಿಯಮಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೊದಲನೆಯ ಬಗೆಯ ನಿಯಮ ತೊಡುವವನ ಪ್ರಾಣಕ್ಕಾಗಿ ಇರುವಂಥದ್ದು. ಪೆಟ್ರೋಲು ತುಂಬುವ ಕಡೆ ನೈಲಾನ್, ಪಾಲಿಯೆಸ್ಟರ್ ಬಿಟ್ಟು ಹತ್ತಿ ಬಟ್ಟೆ ತೊಡಿ ಎನ್ನುತ್ತಾರೆ. ಸಿಂಥೆಟಿಕ್ ಬಟ್ಟೆ ಉಜ್ಜಿದಾಗ ಹುಟ್ಟುವ ಒಂದು ಕಿಡಿ ಸಾಕು, ಟ್ಯಾಂಕರೇ ಹೊತ್ತಿಕೊಳ್ಳಬಹುದು. ಕಲ್ಲು ತುಂಬುವ ಜಾಗದಲ್ಲಿ ಹವಾಯಿ ಚಪ್ಪಲಿ ಸಾಲದು, ಗಟ್ಟಿ ಬೂಟು ಬೇಕು. ಬ್ರೇಕಿನ ಪೆಡಲಿಗೆ ಸಿಕ್ಕಿಕೊಳ್ಳುವ ಸಡಿಲ ಚಪ್ಪಲಿ ಚಾಲಕನಿಗೂ ಎದುರಿನವರಿಗೂ ಅಪಾಯ. ಇಂಥ ನಿಯಮಕ್ಕೆ ಯಾರೂ ತಕರಾರು ಮಾಡಲಾಗದು, ಮಾಡಲೂಬಾರದು. ನನ್ನ ಇಷ್ಟ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಎರಡನೆಯದು ಗುರುತಿಗಾಗಿ ಇರುವ ನಿಯಮ. ಶಾಲೆಯ ವ್ಯಾನಿನ ಚಾಲಕ ಯಾರೆಂದು ಮಗುವಿಗೆ ತಿಳಿಯಬೇಕು. ರಾತ್ರಿ ಬಸ್ಸಿನಲ್ಲಿ ಒಂಟಿಯಾಗಿ ಕೂತ ಹೆಣ್ಣುಮಗಳಿಗೆ ದೂರು ಹೇಳಲು ಕಂಡಕ್ಟರ್ ಎದ್ದು ಕಾಣಬೇಕು. ಇದರಲ್ಲೂ ನ್ಯಾಯವಿದೆ. ಆದರೆ ಟೊಮೆಟೊ ಬಾಕ್ಸುಗಳಿಗೆ ಚಾಲಕನ ಗುರುತು ಬೇಕಿಲ್ಲ.

ಮೂರನೆಯದು ನೋಡುವವರ ಕಣ್ಣಿಗಾಗಿ ಇರುವ ನಿಯಮ. ಲುಂಗಿಗೆ ದಂಡ ಎಂಬುದು ಈ ಬಗೆಯದು. ವಿಪರ್ಯಾಸವೆಂದರೆ ನಮ್ಮಲ್ಲಿ ಅತಿ ಹೆಚ್ಚು ಉತ್ಸಾಹ ಕಾಣುವುದು ಈ ಮೂರನೆಯದಕ್ಕೆ, ಅತಿ ಕಡಿಮೆ ಕಾಣುವುದು ಮೊದಲನೆಯದಕ್ಕೆ. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರ್ ಲಾರಿಗೆ ಟಾಟಾ ಸುಮೋ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. ಮಂಜು ಕವಿದಿತ್ತು, ನಿಂತ ಲಾರಿ ಕಾಣಲಿಲ್ಲ ಎಂದು ವರದಿಗಳು ಹೇಳಿದವು. ನಂದಿಬೆಟ್ಟದ ಸುತ್ತಲಿನ ಈ ರಸ್ತೆಗಳಲ್ಲಿ ಚಳಿಗಾಲದ ಮಂಜು ಹೊಸದಲ್ಲ. ಅಂಥ ಹೊತ್ತಿನಲ್ಲಿ ಪಂಕ್ಚರ್ ಆಗಿ ನಿಂತ ಲಾರಿಯ ಹಿಂದೆ ಕೂತು ನಟ್ಟು ಬಿಚ್ಚುವ ಕ್ಲೀನರ್ ಹುಡುಗನ ಮೈಮೇಲೆ ಬೆಳಕು ಬಿದ್ದರೆ ಹೊಳೆಯುವ ಒಂದು ಜಾಕೆಟ್ ಇದ್ದರೆ ಅವನು ಬದುಕಿಕೊಳ್ಳುತ್ತಾನೆ. ಅಂಥ ಜಾಕೆಟ್ಟಿಗೆ ದೊಡ್ಡ ಖರ್ಚೇನೂ ಇಲ್ಲ. ಆದರೂ ನಮ್ಮ ಎಷ್ಟು ಲಾರಿಗಳಲ್ಲಿ ಅದು ಇದೆ? ಆ ಹುಡುಗ ಪ್ಯಾಂಟು ಹಾಕಿಲ್ಲವೆಂದು ಬೇಸರಪಟ್ಟುಕೊಳ್ಳುವವರು ಅವನು ಕತ್ತಲಲ್ಲಿ ಕಾಣುವುದಿಲ್ಲವೆಂದು ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ.

ಇನ್ನು ಖರ್ಚಿನ ಮಾತು. ಸಮವಸ್ತ್ರದ ನೀತಿ-ಅನೀತಿ ಅರ್ಧದಷ್ಟು ಇಲ್ಲಿಯೇ ಇದೆ. ಸ್ವತಂತ್ರ ಭಾರತದಲ್ಲಿ 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಎಂಬುದೊಂದು ಬಂತು. ಅದರ ಹತ್ತನೆಯ ಕಲಮು ಸಮವಸ್ತ್ರದ್ದೇ. ಚಾಲಕರಿಗೆ ಸಮವಸ್ತ್ರ, ಮಳೆ ಚಳಿಯಿಂದ ರಕ್ಷಣೆಗೆ ಮಳೆಕೋಟು ಮುಂತಾದುವನ್ನು ಒದಗಿಸುವಂತೆ ಮಾಲೀಕರಿಗೆ ವಿಧಿಸುವ ನಿಯಮ ಮಾಡುವ ಅಧಿಕಾರವನ್ನು ಅದು ರಾಜ್ಯ ಸರಕಾರಗಳಿಗೆ ಕೊಟ್ಟಿತು. ಬಟ್ಟೆ ಕೊಟ್ಟರೆ ಸಾಲದು, ಒಗೆಯುವುದಕ್ಕೂ ಭತ್ಯೆ ಕೊಡಬೇಕು, ಇಲ್ಲವೇ ಮಾಲೀಕನೇ ಒಗೆಸುವ ವ್ಯವಸ್ಥೆ ಮಾಡಬೇಕು ಎಂದೂ ಅದರಲ್ಲಿತ್ತು. ಆ ಕಾಯ್ದೆ ಬರೆದವರ ಕಣ್ಣಲ್ಲಿ ಸಮವಸ್ತ್ರವೆಂದರೆ ಕಾರ್ಮಿಕನ ಹಕ್ಕು, ಮಾಲೀಕನ ಹೊಣೆ. ಕ್ಯಾಂಟೀನು, ವಿಶ್ರಾಂತಿ ಕೊಠಡಿಗಳ ಕಲಮುಗಳ ಬೆನ್ನಿಗೇ ಅದನ್ನು ಇಟ್ಟದ್ದೂ ಅದಕ್ಕೇ. 2019ರ ಸುದ್ದಿಯಲ್ಲಿ ಅದೇ ಸಮವಸ್ತ್ರ ಕಾರ್ಮಿಕನ ಅಪರಾಧವಾಗಿತ್ತು. ದಂಡ ಕಟ್ಟಬೇಕಾದವನು ಸೀಟಿನ ಮೇಲೆ ಕೂತವನು.

ಆ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೋ ಎರಡೋ ಗಾಡಿ ಇಟ್ಟುಕೊಂಡ ಮಾಲೀಕರೇ ಹೆಚ್ಚಾಗಿರುವ ನಮ್ಮ ಕಡೆ ಅದರ ನೆರಳು ಬಿದ್ದದ್ದು ಕಡಿಮೆ. ಈಗ ಅದು 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೊಳಗೆ ಸೇರಿಹೋಗಿದೆ. 2025ರ ನವೆಂಬರ್ 21ರಿಂದ ಆ ಸಂಹಿತೆ ಜಾರಿಯಲ್ಲಿದೆ. ಕಾಯ್ದೆಯ ಹೆಸರು ಯಾವುದೇ ಇರಲಿ, ಟ್ರಿಪ್ಪಿನ ಲೆಕ್ಕದಲ್ಲಿ ಬತ್ತ ಪಡೆಯುವವನ ಕೈಯಿಂದಲೇ ಪ್ಯಾಂಟು, ಬೂಟಿನ ಹಣ ಹೋಗಬೇಕೆಂದರೆ ಅದು ಶಿಸ್ತಲ್ಲ, ಸಂಬಳ ಕಡಿತ. ತಾವು ಉಡುವಂಥದ್ದನ್ನೇ ಕೈಕೆಳಗಿನವರಿಗೂ ಉಡಿಸಬೇಕು, ಶಕ್ತಿ ಮೀರಿದ ಕೆಲಸ ಹೇರಬಾರದು, ಹೇರಿದರೆ ತಾವೂ ಹೆಗಲು ಕೊಡಬೇಕು ಎಂಬ ಪ್ರವಾದಿಯವರ (ಸ) ಬೋಧನೆ ನಮ್ಮ ಮಸೀದಿಗಳಲ್ಲಿ ಎಷ್ಟೋ ಸಲ ಕೇಳಿಬಂದಿದೆ. ಅದನ್ನು ಕೇಳುತ್ತಾ ಕುಳಿತವರಲ್ಲಿ ಲಾರಿ ಮಾಲೀಕರೂ ಇರುತ್ತಾರೆ.

ಬಟ್ಟೆಯ ಖರ್ಚಿಗಿಂತ ದೊಡ್ಡದು ಬಟ್ಟೆ ತೊಡಲು ಬೇಕಾದ ಪರಿಸ್ಥಿತಿಯ ಪ್ರಶ್ನೆ. ಅಧಿಕಾರಿ ಇಸ್ತ್ರಿ ಮಾಡಿದ ಪ್ಯಾಂಟು ತೊಡುತ್ತಾನೆ, ಏಕೆಂದರೆ ಅವನ ಮೇಜಿನ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಲಾರಿಯ ಕ್ಯಾಬಿನ್ನಿಗೂ ತಂಪು ಬೇಕೆಂದು ನಮ್ಮ ಸರಕಾರಕ್ಕೆ ಹೊಳೆಯಲು ಬಹಳ ವರ್ಷ ಹಿಡಿಯಿತು. 2023ರ ಡಿಸೆಂಬರ್‌ನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಹಾಗೂ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಇದು ನಿಜಕ್ಕೂ ಸ್ವಾಗತಿಸಬೇಕಾದ ಹೆಜ್ಜೆ. ಆದರೆ ಅದು ಹೊಸ ಲಾರಿಗಳಿಗೆ. ಸೆಕೆಂಡ್ ಹ್ಯಾಂಡ್, ಥರ್ಡ್ ಹ್ಯಾಂಡ್ ಆಗಿ ನಮ್ಮಂಥ ಊರುಗಳನ್ನು ಸೇರುವ ಹಳೆಯ ಗಾಡಿಗಳಲ್ಲಿ ಎಂಜಿನ್ ಕಾವು ಇನ್ನೂ ಹಲವು ವರ್ಷ ಹಾಗೆಯೇ ಇರುತ್ತದೆ. ಗಮನಿಸಬೇಕಾದ್ದು ಅನುಕ್ರಮವನ್ನು. ಪ್ಯಾಂಟು ಹಾಕದ್ದಕ್ಕೆ ದಂಡ 2019ರಲ್ಲಿ. ಪ್ಯಾಂಟು ಹಾಕಿ ಕೂರಬಹುದಾದ ಕ್ಯಾಬಿನ್ನಿನ ನಿಯಮ ಜಾರಿ 2025ರಲ್ಲಿ. ಬೇಡುವ ಮೊದಲು ಕೊಡಬೇಕು ಎಂಬ ಸಾಮಾನ್ಯ ನ್ಯಾಯ ಇಲ್ಲಿ ತಲೆಕೆಳಗಾಗಿದೆ.

ಇದಕ್ಕೆ ಎದುರಾದ ವಾದವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಒಳ್ಳೆಯ ಉಡುಪು ಕೆಲಸಕ್ಕೆ ಘನತೆ ತರುತ್ತದೆ, ಪೈಲಟ್ಟಿಗೆ ಸಮವಸ್ತ್ರವಿದೆ, ಲಾರಿ ಚಾಲಕನಿಗೇಕೆ ಬೇಡ ಎನ್ನುವವರಿದ್ದಾರೆ. ನಮ್ಮ ಜಿಲ್ಲೆಯೇ ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ಮೈಸೂರು ಪೇಟ, ಕೋಟು ಇಲ್ಲದೆ ಊಹಿಸಿಕೊಳ್ಳಲಾಗದು. ಅಲ್ಲಿಂದ ಕಾಣುವ ನಂದಿಬೆಟ್ಟದ ಮೇಲೆಯೇ 1927ರಲ್ಲಿ, ಮತ್ತೆ 1936ರಲ್ಲಿ ಗಾಂಧೀಜಿ ತಂಗಿದ್ದರು, ಮೊಣಕಾಲ ಮೇಲಿನ ತುಂಡುಬಟ್ಟೆಯಲ್ಲಿ. ಒಬ್ಬರ ಪೇಟವೂ ಸರಿ, ಇನ್ನೊಬ್ಬರ ತುಂಡುಬಟ್ಟೆಯೂ ಸರಿ. ಅಂಬೇಡ್ಕರ್ ಅವರು ಸೂಟು ತೊಟ್ಟದ್ದು ಇನ್ನೂ ದೊಡ್ಡ ಮಾತು. ಒಳ್ಳೆಯ ಬಟ್ಟೆ ತೊಡುವುದನ್ನೇ ನಿಷೇಧಿಸಲಾಗಿದ್ದ ಜನರ ನಾಯಕ ಅವರು. ಇಡೀ ಜನಾಂಗದ ಬೆನ್ನು ಆ ಸೂಟಿನೊಳಗೆ ನೆಟ್ಟಗಾಯಿತು. ಹಾಗಿರುವಾಗ ಪ್ಯಾಂಟು, ಅಂಗಿ ತೊಟ್ಟು ತಲೆ ಎತ್ತಿ ನಡೆಯಬೇಕೆನ್ನುವ ಲಾರಿ ಚಾಲಕನನ್ನು ಲುಂಗಿಯೇ ನಿನ್ನ ಸಂಸ್ಕೃತಿ ಎಂದು ತಡೆಯಲು ನಾವು ಯಾರು?

ಆದರೆ ಈ ಮೂವರಲ್ಲೂ ಒಂದು ಸಮಾನ ಅಂಶವಿದೆ. ಮೂವರೂ ತಮ್ಮ ಉಡುಪನ್ನು ತಾವೇ ಆರಿಸಿಕೊಂಡರು. ಘನತೆ ಬಂದದ್ದು ಆ ಆಯ್ಕೆಯಿಂದ, ಬಟ್ಟೆಯಿಂದಲ್ಲ. ದಂಡದ ಹೆದರಿಕೆಯಿಂದ ತೊಟ್ಟ ಪ್ಯಾಂಟು ಆ ಘನತೆಯನ್ನು ತರಲಾರದು. ಪೈಲಟ್ಟಿನ ಸಮವಸ್ತ್ರದ ಜೊತೆ ಸಂಬಳ, ರಜೆ, ಕೆಲಸದ ಗಂಟೆಗಳ ಮಿತಿ ಎಲ್ಲವೂ ಬರುತ್ತದೆ. ಅವುಗಳನ್ನೆಲ್ಲ ಬಿಟ್ಟು ಬಟ್ಟೆಯನ್ನು ಮಾತ್ರ ಲಾರಿ ಚಾಲಕನಿಗೆ ತೊಡಿಸಿದರೆ ಅದು ನಾಟಕದ ವೇಷವಾಗುತ್ತದೆ.

ಇನ್ನೊಂದು ಅಪಾಯವೂ ಇದೆ. ಉಡುಪಿನ ನಿಯಮ ನೋಡುವವರ ಸಲುವಾಗಿಯೇ ಇದೆ ಎಂದು ಒಪ್ಪಿಕೊಂಡ ಕೂಡಲೇ ನೋಡುವ ಪ್ರತಿಯೊಬ್ಬರೂ ಇನ್‌ಸ್ಪೆಕ್ಟರ್ ಆಗಿಬಿಡುತ್ತಾರೆ. 2023ರ ಜುಲೈನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸೊಂದರಲ್ಲಿ ಪ್ರಯಾಣಿಕರೊಬ್ಬರು ಕಂಡಕ್ಟರನ ಟೋಪಿಯನ್ನು ಪ್ರಶ್ನಿಸಿ ತೆಗೆಸಿದ ವಿಡಿಯೊ ಎಲ್ಲೆಡೆ ಹರಿದಾಡಿತು. ನಿಯಮ ಏನಿದೆ ಎಂದು ಹೇಳಬೇಕಾದವರು ಸಂಸ್ಥೆಯವರು, ಅದನ್ನು ಎಲ್ಲರಿಗೂ ಒಂದೇ ಸಮನಾಗಿ ಹೇಳಬೇಕು. ಟಿಕೆಟು ಕೊಡುತ್ತಿರುವವನನ್ನು ತುಂಬಿದ ಬಸ್ಸಿನಲ್ಲಿ ನಿಲ್ಲಿಸಿ ವಿಚಾರಣೆ ಮಾಡುವ ಅಧಿಕಾರ ಟಿಕೆಟಿನ ಜೊತೆ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಜೊಮ್ಯಾಟೊ ಕಂಪೆನಿ ಸಸ್ಯಾಹಾರ ತಲುಪಿಸುವವರಿಗೆ ಹಸಿರು ಸಮವಸ್ತ್ರ ಕೊಡುವುದಾಗಿ ಹೇಳಿ, ಮರುದಿನವೇ ಎಲ್ಲರಿಗೂ ಕೆಂಪೇ ಇರಲಿ ಎಂದು ಹಿಂದೆ ಸರಿಯಿತು. ಹಸಿರು ಬಟ್ಟೆಯವನನ್ನು ಒಳಗೆ ಬಿಟ್ಟು ಕೆಂಪು ಬಟ್ಟೆಯವನನ್ನು ಗೇಟಿನಲ್ಲೇ ತಡೆಯುವ ವಸತಿ ಸಮುಚ್ಚಯಗಳು ಹುಟ್ಟಿಕೊಳ್ಳಬಹುದೆಂಬ ಭಯ ಅದರ ಹಿಂದಿತ್ತು. ಸಮವಸ್ತ್ರ ಎಲ್ಲರನ್ನೂ ಸಮ ಮಾಡುತ್ತದೆ ಎಂಬ ಮಾತು ಅದನ್ನು ನೋಡುವವರ ಮನಸ್ಸು ಸಮವಾಗಿದ್ದರೆ ಮಾತ್ರ ನಿಜ.

ಕೊನೆಯದಾಗಿ, ನಮ್ಮ ಸಿಟ್ಟಿನ ಬಗ್ಗೆ ಒಂದು ಮಾತು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳಕಾಗಿದೆಯೆಂದು ರೈತರೊಬ್ಬರನ್ನು ತಡೆದಾಗ ನಾಡೆಲ್ಲ ಸಿಡಿದೆದ್ದಿತು, ತಡೆದ ಮೇಲ್ವಿಚಾರಕನ ಕೆಲಸ ಹೋಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಪಂಚೆಯುಟ್ಟ ರೈತರೊಬ್ಬರಿಗೆ ಪ್ರವೇಶ ಸಿಗದಿದ್ದಾಗ ವಿಧಾನಸಭೆಯಲ್ಲೇ ಚರ್ಚೆಯಾಯಿತು, ಸರಕಾರ ಏಳು ದಿನ ಮಾಲ್ ಮುಚ್ಚಿಸಿತು. ಆಗಬೇಕಾದ್ದೇ. ಆದರೆ ಆ ಬಾಗಿಲಲ್ಲಿ ನಿಂತವನು ಬಿಳಿ ಪಂಚೆಯ ರೈತನಲ್ಲದೆ ಚೌಕುಳಿ ಲುಂಗಿಯ ಲಾರಿ ಚಾಲಕನಾಗಿದ್ದರೆ? ಪಂಚೆ ನಮಗೆ ಸಂಸ್ಕೃತಿಯಾಗಿ ಕಾಣುತ್ತದೆ, ಲುಂಗಿ ಅಸಭ್ಯತೆಯಾಗಿ ಕಾಣುತ್ತದೆ. ಎರಡೂ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆಗಳೇ. ರೈತ ಬೆಳೆದದ್ದನ್ನು ನಮ್ಮ ತಟ್ಟೆಗೆ ತಲುಪಿಸುವವನು ಅವನೇ. ಆದರೂ ಅನ್ನದಾತನೆಂಬ ಹೆಸರು ಹೊಲದ ಬದುವಿನಲ್ಲೇ ನಿಂತುಬಿಡುತ್ತದೆ, ಲಾರಿ ಹತ್ತುವುದಿಲ್ಲ.

ಲಾರಿ ಚಾಲಕರಿಗೆ ಉಡುಪಿನ ನಿಯಮ ಬೇಡವೇ ಬೇಡ ಎಂದು ನಾನು ಹೇಳಲಾರೆ. ಬೂಟು ಬೇಕು, ಹೊಳೆಯುವ ಜಾಕೆಟ್ಟು ಬೇಕು, ಟ್ಯಾಂಕರಿನವನಿಗೆ ಹತ್ತಿಯ ಬಟ್ಟೆ ಬೇಕು. ಅವುಗಳನ್ನು ಮಾಲೀಕ ಕೊಡಲಿ, ಕೊಡದವನಿಂದ ದಂಡ ವಸೂಲಾಗಲಿ. ಕ್ಯಾಬಿನ್ನು ತಂಪಾಗಲಿ. ಹೆದ್ದಾರಿಯ ಬದಿಯಲ್ಲಿ ಸ್ನಾನಕ್ಕೆ ಮರೆಯಿರುವ ಜಾಗ, ಬಟ್ಟೆ ಒಗೆದು ಒಣಹಾಕುವ ಹಗ್ಗ, ನಾಲ್ಕು ಗಂಟೆ ನಿದ್ದೆ ಮಾಡುವ ಕೋಣೆ ಇರಲಿ. ಇಷ್ಟಾದ ಮೇಲೂ ಲುಂಗಿಯಲ್ಲೇ ಇರುತ್ತೇನೆ ಎನ್ನುವವನು ಎಷ್ಟು ಮಂದಿ ಉಳಿಯುತ್ತಾರೋ ನೋಡೋಣ. ಉಳಿದವರು ಹಾಗೇ ಇರಲಿ, ಅದರಿಂದ ಯಾರ ಗಂಟೂ ಹೋಗುವುದಿಲ್ಲ.

ಇವೆಲ್ಲಕ್ಕೂ ಹಣ ಬೇಕು, ಕಾಲ ಬೇಕು. ಹಣವೂ ಕಾಲವೂ ಬೇಡದ ಕೆಲಸ ಒಂದಿದೆ. ಚೆಕ್‌ಪೋಸ್ಟಿನಲ್ಲಿ, ಮಂಡಿಯಲ್ಲಿ, ಗೋದಾಮಿನ ಗೇಟಿನಲ್ಲಿ, ಲುಂಗಿಯುಟ್ಟವನನ್ನೂ ‘ನೀವು’ ಎಂದು ಮಾತಾಡಿಸುವುದು. ಅದಕ್ಕೆ ಯಾವ ಅಧಿಸೂಚನೆಯೂ ಬೇಕಿಲ್ಲ.